ಸೆಲ್ಫು ಆರೋಗಂಟ

ಅಂಗಲ್ಲ ಕಣ್ಲಾ ಸೋಮ, ಮ್ಯಾಲೆ ಮುಚ್ಕೋ ಬ್ಯಾಡ ಅನ್ನಲ್ಲ, ಕೆಳಗಡೆ ಮಾತ್ರ ಕಟ್ಟಬ್ಯಾಡ ಅಂತೀನಿ. ಜೀಪು ಸುರು ಮಾಡೋ ಸೆಲ್ಫ್ ಮೋಟ್ರಿಗೆ ಸುತ್ತಾನೂ ಇಂಗೆ ಪ್ಲಾಸ್ಟಿಕ್ ಸುತ್ತಿ ಬಿಗಿದ್ರೆ ಒಳಕ್ಕೋದ ನೀರು ಆಚೆಗೆ ಬರೋದು ಎಲ್ಲಿಂದ? ಅಲ್ಲೇ ಕೂತು ತುಕ್ಕು ಇಡ್ಸುತ್ತೆ. ನಗ್ಬ್ಯಾಡ. ಈ ಮುದ್ಕಿಗೆ ಜೀಪಿನ ವಿಸ್ಯ ಏನ್ ಗೊತ್ತು ಅಂತ ತಾನೆ? ನಿಮ್ ತಾತ ಲಾರಿ ಓಡುಸ್ತಿದ್ದೋರು ಕಣೋ, ಯುದ್ಧದ ಕಾಲ್ದಲ್ಲಿ, ಕಾಕನಕೋಟೆ ಕಾಡಿಂದ ಮರ ಹೊರೋ ಲಾರಿ. ಮಾರಾಜ್ರ ಕಾಲ. ಅಕ್ಕಿ ಸಿಗ್ತಿರ್ಲಿಲ್ಲ, ಸೀಮೆಣ್ಣೆ ಸಿಗ್ತಿರ್ಲಿಲ್ಲ, ಮರ ಮಾತ್ರ ಮಿಲಿಟ್ರಿಗೆ ದಿನಾ ಓಗ್ಬೇಕಿತ್ತು. ನಾವು ಕಾಡೊಳ್ಗೇ ಗುಡ್ಲು ಹಾಕ್ಕೊಂಡಿದ್ವಿ.

ಆಗಿನ ಲಾರಿಗೆ ಮುಂದ್ಗಡೆ ಹ್ಯಾಂಡ್ಲು ಹಾಕಿ ತಿರುಗ್ಸಿ ಎಂಜಿನ್ ಸುರು ಮಾಡೋರು, ಗೊತ್ತಾ? ಅದು ಒಂದ್ಸಲ ಹಿಂದಕ್ಕೆ ಒದ್ದು ನಿಮ್ ತಾತನ ಬಲಗೈ ಮಣಿಕಟ್ಟು ಮುರೀತು. ಮೂಳೆ ಕೂಡ್ಕೊಂತು, ಬಲ ಬರ್ಲಿಲ್ಲ, ಒಂದು ಕೊಡ ನೀರು ಎತ್ತೋಕಾಗ್ತಿರ್ಲಿಲ್ಲ. ಅಲ್ಲಿಂದಾಚೆಗೆ ಸೆಲ್ಫೇ ಅವರ ಕೈ. ಒತ್ತಿದ್ರೆ ತಿರುಗ್ಬೇಕು, ತಿರುಗ್ದಿದ್ರೆ ಕೆಲ್ಸಾನೂ ಇಲ್ಲ, ಕೂಳೂ ಇಲ್ಲ. ಹುಣಸೂರಲ್ಲಿ ತೊಗಲು ಹದ ಮಾಡೋರತ್ರ ಒಂದು ತುಂಡು ತಂದು, ನನ್ ಕೈಲೇ ಹೊಲ್ಸಿ, ಮೋಟ್ರಿಗೆ ಮ್ಯಾಲಿಂದ ಇಳಿಬಿಟ್ಟಿದ್ರು. ಕೆಳಗೆ ತೆರೆದೇ ಇತ್ತು. ಸಾಯಂಕಾಲ ಬಂದ್ರೆ ಮೊದ್ಲು ಅದ್ರ ಕೆಸರು ಕೆರೆದು ಒರ್ಸೋರು, ಆಮ್ಯಾಕೆ ತಮ್ಮ ಕೈಕಾಲು. ಗುಡ್ಲಿನ ಹೆಂಗಸ್ರು ನನ್ನ ಅಣಕ್ಸೋರು, ನಿನ್ ಸವ್ತಿಗೆ ಸ್ನಾನ ಆಯ್ತೇನಮ್ಮಿ ಅಂತ.

ಆ ಮಳೆಗಾಲ್ದಲ್ಲಿ ನಿಂಗಿಗೆ ಜ್ವರ ಬಂತು. ನಿಂಗಿ ಅಂದ್ರೆ ಇವ್ಳೇ ಕಣೋ, ನಿಮ್ಮತ್ತೆ, ಅಗಾ ಕಂಬಕ್ಕೆ ಒರಗ್ಕೊಂಡು ಅಕ್ಕೀಲಿ ಕಲ್ಲು ಆರುಸ್ತಾ ಕೂತವ್ಳಲ್ಲ. ಆಗ ಇನ್ನೂ ತೊದಲು ಮಾತು. ಕಾಡುಜ್ವರ. ಬೆಳಿಗ್ಗೆ ನಡುಕ, ಮಧ್ಯಾನದೊತ್ಗೆ ಫಿಟ್ಸು ಬಂದು ಕಣ್ಣು ಮ್ಯಾಲಾಯ್ತು. ಹಳ್ಳದಾಚೆ ಕೋಟೆ ಪ್ಯಾಟೇಲಿರೋ ಆಸ್ಪತ್ರೆ ಬಿಟ್ರೆ ಗತಿ ಇಲ್ಲ. ಖಾಲಿ ಲಾರೀಲಿ ಅಂಗೇ ಹೊರಟ್ವಿ. ದಾರಿ ಅಂದ್ರೆ ದಾರಿಯಾ ಅದು, ಬರೀ ರಾಡಿ. ಎಂಜಿನ್ ನಿಲ್ಲೋದು, ಇವ್ರು ಸೆಲ್ಫ್ ಒತ್ತೋದು, ಮತ್ತೆ ನಿಲ್ಲೋದು, ಮತ್ತೆ ಒತ್ತೋದು. ಹೊತ್ತು ಇಳಿಯೋ ಟೈಮಿಗೆ ಹಳ್ಳದ ದಡಕ್ಕೆ ಬಂದ್ವಿ. ಸೇತ್ವೆ ಇಲ್ಲ. ನಡೂ ಮಧ್ಯ ಒಂದು ಬಂಡೆ, ಅದು ಕಾಣೋಗಂಟ ಲಾರಿ ಇಳೀಬೋದು, ಮುಳುಗಿದ್ರೆ ಯಾರೂ ಇಳಿಯಂಗಿಲ್ಲ. ಬಂಡೆ ಅರ್ಧ ಕಾಣ್ತಿತ್ತು. ಹಳ್ಳಕ್ಕೆ ನೀರು ಬರೋ ವೈನಾಡು ಕಡೆ ಮುಗಿಲು ಕರ್ರಗಿತ್ತು.

ಇಳೀತಾರೆ ಅಂದ್ಕೊಂಡ್ರೆ ನಿಮ್ ತಾತ ಎಂಜಿನ್ ನಿಲ್ಲಿಸ್ಬುಟ್ರು. ಕೆಳಗಿಳ್ದು, ಲಾರಿ ಅಡೀಗೆ ಕೈ ಹಾಕಿ ಮೋಟ್ರು ಮುಟ್ಟಿದ್ರು, ಚುರ್ ಅಂತ ಕೈ ಎಳ್ಕೊಂಡ್ರು. ಇದು ಆರ್ಬೇಕು ಅಂದ್ರು. ನಂಗೆ ಮೈಯೆಲ್ಲಾ ಉರೀತು.

"ಮಗು ಸುಡ್ತಾ ಐತೆ, ನೀವು ಕಬ್ಬಿಣ ಆರುಸ್ತಾ ಕೂತಿದೀರಾ?"

"ದುಡಿದು ಬೆವ್ತಿರೋ ಎತ್ತನ್ನ ಅಂಗೇ ನೀರಿಗೆ ಇಳುಸ್ತೀವಾ ಅಮ್ಮಿ? ಕಾದ ಮೋಟ್ರು ತಣ್ಣೀರಿಗೆ ಬಿದ್ರೆ ಒಳಕ್ಕೆ ನೀರು ಎಳ್ಕೊತದೆ. ನಡುನೀರಲ್ಲಿ ಲಾರಿ ನಿಂತ್ರೆ, ಈ ಕೈಲಿ ಹ್ಯಾಂಡ್ಲು ತಿರುಗ್ಸೋಕಾಯ್ತದಾ?"

ಮಗೂನ ಮಡ್ಲಲ್ಲಿ ಹಾಕ್ಕೊಂಡು ಕೂತ್ಕೊಂಡೆ. ಹಿಂದ್ಗಡೆ ಬಿದಿರು ಮುರ್ಕೊಳ್ಳೋ ಸದ್ದು, ಆನೆ ಇದ್ವು. ಮುಂದ್ಗಡೆ ಕೆಂಪು ನೀರು. ನಾನು ಬಂಡೆ ನೋಡೋದು, ಮಗು ನೋಡೋದು, ಬಂಡೆ ನೋಡೋದು. ನೀರು ಏರಿ ಬಂಡೆ ಅಂಗೈ ಅಗಲ ಉಳೀತು. ನಿಮ್ ತಾತ ಮೋಟ್ರು ಮುಟ್ಟಿ ಬರೋರು, ಅದೇ ಕೈಲಿ ಮಗುವಿನ ಹಣೆ ಮುಟ್ಟೋರು. ಆಮ್ಯಾಕೆ ಅಳ್ತಿದ್ದ ಮಗು ಸುಮ್ಕಾಯ್ತು. ಮೈ ಕೆಂಡ, ಕೈಕಾಲು ಮಾತ್ರ ತಣ್ಣಗೆ. ಆವತ್ತು ಆ ಮನ್ಸನ್ನ ಹಳ್ಳಕ್ಕೆ ತಳ್ಬುಡಾಣ ಅನ್ನುಸ್ತು ಕಣೋ, ಸುಳ್ಳಲ್ಲ.

ಬಂಡೆ ನೆತ್ತಿ ಒಂದು ಮಾತ್ರ ಕಾಣ್ತಿರೋವಾಗ "ಲಾರಿ ಹತ್ತು" ಅಂದ್ರು. ನೀರಿಗೆ ಇಳಿದ್ವಿ. ಬಾಗ್ಲು ಸಂದೀಲಿ ನೀರು ನುಗ್ತು, ನನ್ ಮೊಣಕಾಲ್ಗೆ ಬಂತು, ಮಗೂನ ಹೆಗಲ ಮ್ಯಾಲೆ ಹಾಕ್ಕೊಂಡೆ. ನಡು ಹಳ್ಳಕ್ಕೆ ಬಂದೇಟ್ಗೆ ಒಂದು ಮರ ತೇಲ್ಕೊಂಡು ಅಡ್ಡ ಬಂತು, ಇವ್ರು ಬ್ರೇಕ್ ಹಾಕಿದ್ರು, ಎಂಜಿನ್ ನಿಂತೋಯ್ತು. ಬರೀ ನೀರಿನ ಸದ್ದು. ಲಾರಿ ಒಂಚೂರು ಪಕ್ಕಕ್ಕೆ ಜರುಗ್ತು, ತಳದ ಮರಳು ಜಾರೋದು ನಂಗೆ ಕಾಲಡೀಲಿ ಗೊತ್ತಾಯ್ತು. ನಿಮ್ ತಾತ ಸ್ವಿಚ್ಚಿನ ಮ್ಯಾಲೆ ಕೈ ಇಟ್ಟವ್ರೆ, ಒತ್ತಲ್ಲ. ಆ ಮರ ಓಗ್ಲಿ ಅಂತ ಕಾಯ್ತಾವ್ರೋ, ಇಲ್ಲ ಎದ್ರುತಾವ್ರೋ. ಎದ್ರಿದ್ರು, ಅದೇ ನಿಜ. ಆಮ್ಯಾಕೆ ಒತ್ತಿದ್ರು. ಏನೂ ಇಲ್ಲ. ಮತ್ತೆ ಒತ್ತಿದ್ರು. ಕರ್ರ್ ಅಂತ ಕಚ್ಕೊಂಡು ತಿರುಗ್ತು ನೋಡು, ಆ ಸದ್ದು ಈಗ್ಲೂ ನನ್ ಕಿವೀಲೈತೆ. ಆಚೆ ದಡ ಹತ್ತಿ ತಿರುಗಿ ನೋಡ್ದೆ, ಬಂಡೆ ಇರ್ಲಿಲ್ಲ.

ಆಸ್ಪತ್ರೇಲಿ ಸೂಜಿ ಹಾಕಿದ್ರು, ಜೀವ ಉಳೀತು. ಕಿವಿ ಓಯ್ತು. ಜ್ವರ ತಿಂತೋ, ಔಸ್ದಿ ತಿಂತೋ, ನಾವು ದಡದಲ್ಲಿ ಕಾಯ್ದಿದ್ದು ತಿಂತೋ, ಯಾರೂ ಹೇಳ್ಲಿಲ್ಲ. ತಾವು ಮಾಡಿದ್ದು ಸರಿ ಅಂತ ನಿಮ್ ತಾತ ಒಂದಿನಾನೂ ಅನ್ಲಿಲ್ಲ, ತಪ್ಪು ಅಂತ ನಾನೂ ಅನ್ಲಿಲ್ಲ. ಸಾಯೋಗಂಟ ಅವ್ಳತ್ರ ಮಾತಾಡ್ಬೇಕಾದ್ರೆ ಎದುರ್ಗೆ ಓಗಿ ಕೂತ್ಕೊಳ್ಳೋರು, ತುಟಿ ಕಾಣಂಗೆ. ನೀವು ಹುಡುಗ್ರು ಹಿಂದಿಂದ ಕಿರುಚ್ತೀರ.

ನೀನೂ ಬೆಳಿಗ್ಗೆಯಿಂದ ಕೆಸರಲ್ಲಿ ಸೆಲ್ಫ್ ಹೊಡ್ದೂ ಹೊಡ್ದೂ ಕಾಯ್ಸಿದ್ದೀಯ. ನೀನು ಓಗ್ಬೇಕಾದ ರಾವಂದೂರು ಎಲ್ಗೂ ಓಡೋಗಲ್ಲ ಬುಡು. ಆ ಪ್ಲಾಸ್ಟಿಕ್ ಬಿಚ್ಚು. ಓಗಿ ನಿಮ್ಮತ್ತೆ ಎದುರ್ಗೆ ಕೂತ್ಕೊಂಡು ಕಾಫಿ ಕೇಳು. ಸೆಲ್ಫು ಆರ್ಲಿ.