ಅರಿಶಿಣ-ಕುಂಕುಮದ ಸರಬತ್ತು

ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಗೆಳತಿಯರು. ಮನಿಷಾಳ ಬುಟ್ಟಿ ತುಂಬ ದ್ರಾಕ್ಷಿ ಕಂಡು ತಾರವ್ವ ಕೇಳಿದಳು:

“ನಿಮ್ಮವ್ರು ಮನ್ಯಾಗ ಮತ್ತ ವೈನ್ ಮಾಡಾಕತ್ತಾರೇನ?”

“ಹಳೇ ಭರಣಿ ಖಾಲಿ ಆತಲ್ಲ!”

“ಎಲ್ಲಾ ಅವರ ಕುಡದ್ರಾ?”

“ಅವರಿಗೆ ಒಂದ್ ಹನಿ ಸಿಗಲಿಲ್ಲ. ನಮ್ಮತ್ತಿ ಸರಬತ್ತ ಅಂತ ತಿಳದು ಅರಿಶಿಣ-ಕುಂಕುಮಕ್ಕ ಬಂದವ್ರಿಗೆಲ್ಲ ಹಂಚಿದ್ರು, ತಾವೂ ಕುಡದ್ರು.”

“ಅಯ್ಯ ಶಿವನ! ಆಮ್ಯಾಲ?”

“ಎಲ್ಲಾರೂ ಫುಗಡಿ ಆಡಿದ್ರು. ಅತ್ತಿ ನನ್ನ ಕೈ ಹಿಡದು ಗರಗರ ತಿರಗಿ, ‘ನನ್ನ ಸೊಸಿ ಬಂಗಾರ’ ಅಂದ್ರು. ಮದವ್ಯಾದಾಗಿಂದ ಅದ ಮೊದಲು!”

“ಅದು ವೈನ್ ಅಂತ ಹೇಳಿದ್ಯಾ?”

“ನನಗೇನ ಹುಚ್ಚ? ಇವತ್ತ ಭರಣಿ ತೊಳದಿಟ್ಟು, ದ್ರಾಕ್ಷಿ ತಗೊಂಡ್ ಬಾ ಅಂತ ಕಳಿಸಿದವ್ರು ಅತ್ತಿನ!”

ಮಂಗಸೂಳಿ ಬಸ್ಸು ಬಂತು. ಬುಟ್ಟಿಯ ಇನ್ನೊಂದು ಕಡೆ ಹಿಡಿದು ಎತ್ತುತ್ತ ತಾರವ್ವ ಅಂದಳು:

“ಮುಂದಿನ ಸಲ ನಮ್ಮತ್ತಿನ್ನೂ ಕರಿ ಬೇ.”