ಹಿಂದಿನ ಹಾಳೆ

ಕರೆಂಟ್ ಬರೋತನಕ ಮೆಷಿನ್ ಓಡಲ್ಲ. ನಿಮ್ಮ ಬಟ್ಟೆ ಮುಗಿಸದೆ ನಿಮ್ಮನ್ನ ಕಳ್ಸೋ ಹಾಗೂ ಇಲ್ಲ. ಕೂತ್ಕೊಳ್ಳಿ, ಒಂದು ವಿಷ್ಯ ಹೇಳ್ತೀನಿ. ಆದ್ರೆ ಆ ಮೂಲೇಲಿ ನೇತಾಡ್ತಿರೋ ಚೀಲದ ಕಡೆ ಈಗ್ಲೇ ನೋಡ್ಬೇಡಿ...

ಅದು ನಮ್ಮ ಚಿಕ್ಕಪ್ಪನ ಮಗನದು. ಔಷಧದ ಅಂಗಡೀಲಿ ಕೆಲಸ ಅವನಿಗೆ. ಪುಡಿ ತೂಗಿ ತೂಗಿ ತಲೆಯೊಳಗೂ ತಕ್ಕಡಿ ಕೂತ್ಬಿಟ್ಟಿತ್ತು. ಮನೇಲಿ ಎಲ್ರೂ ಅವನನ್ನ ಗುಲಗಂಜಿ ಅಂತಾನೇ ಕರೆಯೋದು. ವರ್ಷಕ್ಕೊಂದ್ಸಲ ರಜಾ ಹಾಕಿ ಬೆಟ್ಟಕ್ಕೆ ಹೋಗ್ತಿದ್ದ. ಒಬ್ನೇ, ವಾರಗಟ್ಲೆ ನಡಿಗೆ. ಹೊರಡೋ ಮುಂಚೆ ಒಂದೊಂದು ಸಾಮಾನೂ ತೂಗ್ಬೇಕು. ಹಲ್ಲುಜ್ಜೋ ಬ್ರಷ್ಷಿನ ಹಿಡಿ ಕತ್ತರಿಸಿ ಬಿಸಾಕಿದ ಪುಣ್ಯಾತ್ಮ. ಚೀಲ ಹೊಲಿದುಕೊಟ್ಟಿದ್ದು ನಾನು. ಒಳಗಿನ ಜೇಬು ಬಿಚ್ಚಿಬಿಡು ಅಕ್ಕಾ, ಅದೂ ಭಾರ ಅಂದ. ಬೈಕೊಂಡೇ ಬಿಚ್ಚಿಕೊಟ್ಟೆ.

ಗೈಡ್ ಪುಸ್ತಕದ್ದೂ ಅದೇ ಪಾಡು. ಇಲ್ಲೇ ಕೂತು, ನನ್ನ ಕತ್ತರೀಲೇ ಅದರ ಬೆನ್ನು ಸೀಳಿದ. ತನ್ನ ದಾರೀದು ಎಷ್ಟು ಹಾಳೆಯೋ ಅಷ್ಟೇ ಇಟ್ಕೊಂಡ. ಒಂದು ದಿನದ ನಡಿಗೆಗೆ ಒಂದು ಹಾಳೆ. ಈ ಕಡೆ ಮ್ಯಾಪು, ಆ ಕಡೆ ದಾರಿ ವಿವರ. ರಾತ್ರಿ ತಂಗಿದ ಕಡೆ ಆವತ್ತಿನ ಹಾಳೆ ಸುಟ್ಟು ಬೆಂಕಿ ಹೊತ್ತಿಸೋದು.

"ವಾಪಸ್ ಬರೋವಾಗ ಏನ್ಮಾಡ್ತೀಯೋ?" ಅಂದೆ.

"ಬೆಟ್ಟ ದಾಟಿ ಆ ಕಡೆ ಇಳೀತೀನಿ ಅಕ್ಕಾ. ನಡೆದು ಮುಗಿಸಿದ ದಾರೀನ ಹೊತ್ಕೊಂಡು ಏನ್ಮಾಡ್ಲಿ?"

ಹೋದ. ಸುಮಾರು ದಿನ ಎಲ್ಲಾ ಚೆನ್ನಾಗೇ ಇತ್ತು. ಒಂದಿನ ಮಾತ್ರ, ಬಸ್ಸಿನ ರಸ್ತೆ ದಾಟಿ ಗುಡ್ಡ ಹತ್ತೋವಾಗ ಹೊತ್ತು ಮೀರಿತ್ತು. ಕತ್ತಲಾಗೋ ಹೊತ್ತಿಗೆ ಒಂದು ಬಾವಿ ಸಿಕ್ತು. ಪುಸ್ತಕದಲ್ಲಿ ಇದ್ದಿದ್ದೇ... ಬಾವೀಲಿ ನೀರು ತುಂಬಿಸ್ಕೊಳ್ಳಿ, ಮೇಲೆ ಕಲ್ಲಿನ ಮನೆ ಇದೆ, ಅಲ್ಲಿ ತಂಗಬಹುದು. ನೀರು ಸೇದಿ, ಹಗ್ಗ ಸುತ್ತಿಟ್ಟು ಹತ್ತೋಕೆ ಶುರು ಮಾಡ್ದ. ಹಿಂದೆ ರಾಟೆ ತಿರುಗೋ ಸದ್ದು. ಕಿರ್... ಕಿರ್... ಗಾಳಿ ಇರ್ಬೇಕು ಅಂದ್ಕೊಂಡ. ಗಾಳಿ ಇರ್ಲಿಲ್ಲ.

ಕಲ್ಲಿನ ಮನೆ ಅಂದ್ರೆ ಒಂದೇ ಕೋಣೆ. ಕಿಟಕಿ ಇಲ್ಲ. ಒಳಗಿಂದ ಚಿಲಕ ಹಾಕ್ಕೊಂಡು, ಹಾಳೆ ಸುಟ್ಟು, ಚಾ ಕಾಯಿಸಿ ಕುಡಿದು ಮಲಗಿದ.

ಬೆಳಗ್ಗೆದ್ದು ಮುಂದೆ ಹೋದ್ರೆ ದಾರೀನೇ ಇಲ್ಲ! ಗುಡ್ಡ ಕುಸಿದು ಕಣಿವೆಗೆ ಇಳಿದಿತ್ತು. ಮುಂದಿನ ಹಾಳೆಗಳೆಲ್ಲ ಕೈಯಲ್ಲಿವೆ, ಕಾಲಿಡೋಕೆ ನೆಲ ಇಲ್ಲ. ಹಿಂದಕ್ಕೆ ಇಳಿದ. ಬಾವಿ ಹತ್ರ ದಟ್ಟ ಮಂಜು. ಅಲ್ಲಿಂದ ಎಷ್ಟೋ ಕಾಲುದಾರಿ. ಬಂದಿದ್ದು ಯಾವುದರಲ್ಲಿ? ಅದು ಬರೆದಿದ್ದ ಹಾಳೆ ಬೂದಿಯಾಗಿತ್ತು.

ಒಂದು ದಾರಿ ಹಿಡಿದ. ನಡೆದೂ ನಡೆದೂ... ಕಿರ್... ಕಿರ್... ಅದೇ ಬಾವಿ. ಇನ್ನೊಂದು ಹಿಡಿದ. ಅದೇ ಬಾವಿ. ಮೂರನೇ ಸಲಕ್ಕೆ ಅತ್ತುಬಿಟ್ಟೆ ಅಕ್ಕಾ ಅಂದ. ಫೋನು ಆಗ್ಲೇ ಸತ್ತಿತ್ತು, ತಿನ್ನೋಕೂ ಏನೂ ಉಳಿದಿರ್ಲಿಲ್ಲ. ಕತ್ತಲಾದ್ಮೇಲೆ ವಿಧಿಯಿಲ್ದೆ ಮತ್ತೆ ಅದೇ ಮನೆ. ಚಿಲಕ ಹಾಕಿದ. ಗೋಡೆಗೆ ಒರಗಿದ.

ಸರ್... ಸರ್... ಕಾಗದ ಸವರೋ ಸದ್ದು. ಕೋಣೆಯೊಳಗೇ.

"ಹಿಂದಿನ ಹಾಳೆ ಇದ್ಯಾ?"

ಪಿಸುಮಾತು. ಪಕ್ಕದಲ್ಲೇ.

"ಯಾ... ಯಾರು?"

"ಹಿಂದಿನ ಹಾಳೆ..."

"ಸುಟ್ಟುಬಿಟ್ಟೆ."

ಮತ್ತೆ ಸರ್... ಅಂತ ಸದ್ದು. ಆಮೇಲೆ, "ನಾನೂ ಸುಟ್ಟಿದ್ದೆ..."

ಇವನು ಕತ್ತಲಲ್ಲೇ ಗೋಡೆ ತಡವಿದ. ಏಳೋಣ ಅಂದ್ರೆ ಚಿಲಕ ಎಲ್ಲಿದೆ ಅಂತಾನೇ ಕಾಣದು.

"ನಿನ್ನೆ ನೀನು ಸುಡೋವಾಗ ಓದ್ಕೊಂಡೆ," ಅಂತು ಅದು. "ನಿನ್ನ ಹೆಗಲ ಮೇಲಿಂದ... ಬೆಂಕಿ ಬೆಳಕಲ್ಲಿ. ಪೂರ್ತಿ ಬಾಯಿಪಾಠ. ದಾರಿ ಗೊತ್ತು. ನಡೆಯೋಕಾಗಲ್ಲ."

ಗುಲಗಂಜಿಗೆ ಮನೆಗೆ ಬಂದ್ರೆ ಸಾಕಾಗಿತ್ತು.

"ನಾನು ಹೊತ್ಕೋತೀನಿ," ಅಂದ.

"ಭಾರ ಆಗ್ತೀನಿ..."

"ಆಗ್ಲಿ."

ಬ್ರಷ್ಷಿನ ಹಿಡಿ ಹೊರಲಾರದವನು ಆಡಿದ ಮಾತು ನೋಡಿ ಇದು!

ಇದ್ದಬದ್ದ ಸಾಮಾನೆಲ್ಲ ಅಲ್ಲೇ ಸುರಿದು, ಖಾಲಿ ಚೀಲ ಬೆನ್ನಿಗೇರಿಸಿದ. ಏಳೋಕೇ ಆಗ್ಲಿಲ್ಲ. ಗೋಡೆ ಹಿಡ್ಕೊಂಡು ಎದ್ದ. ಇಳಿಯೋ ಉದ್ದಕ್ಕೂ ಕಿವಿ ಹತ್ರ ಪಿಸಪಿಸ, ಪುಸ್ತಕದಲ್ಲಿದ್ದ ದಾರೀನೇ ಕೊನೆಯಿಂದ ಹಿಂದಕ್ಕೆ ತಿರುಗಿಸಿ, ಒಂದು ತಿರುವೂ ಬಿಡದೆ. ಬಾವಿ ಬೆನ್ನಿಗಿರಲಿ. ಬಿಳಿ ಬಂಡೆ ಕಂಡಲ್ಲಿ ಎಡಕ್ಕೆ. ಒಣಹಳ್ಳ ದಾಟಿ. ಉಸಿರು ಮಾತ್ರ ಕುತ್ತಿಗೆಗೆ ತಾಕ್ತಿರ್ಲಿಲ್ವಂತೆ. ಹೆಗಲ ಪಟ್ಟೀಲಿ ದಾರ ಒಂದೊಂದೇ ಹರೀತಿತ್ತು. ಟಕ್... ಟಕ್...

ಬೆಳಕು ಹರಿಯೋವಾಗ ರಸ್ತೆ ಕಾಣ್ತು. ಬಸ್ಸಿನ ಹಾರನ್ ಕೇಳ್ತು. ಇವನು ನಿಂತ.

"ರಸ್ತೆ ಬಂತು. ಇಳೀರಿ," ಅಂದ.

ಭಾರ ಇಳೀಲಿಲ್ಲ.

"ಇಳೀರಿ..."

ಇಲ್ಲ.

ನೇರ ಇಲ್ಲಿಗೇ ಬಂದ, ಮನೆಗೂ ಹೋಗ್ದೆ. ಚೀಲ ಕೆಳಗಿಳಿಸಿದಾಗ ನೆಲ ದಡ್ ಅಂತು. ಬಿಚ್ಚಿ ನೋಡಿದೆ. ಒಳಗೆ ಒಂದು ಕರವಸ್ತ್ರಾನೂ ಇಲ್ಲ. ಪಟ್ಟಿಗೆ ನಾನು ಹಾಕಿದ್ದು ಜೋಡಿ ಹೊಲಿಗೆ, ಅಕ್ಕಿ ಮೂಟೆ ಹೊತ್ರೂ ಬಿಡಬಾರ್ದು. ಎರಡೂ ಕಡೆ ಹರಿದು ಒಂದೆರಡು ಎಳೆಯಲ್ಲಿ ನೇತಾಡ್ತಿತ್ತು.

"ಹೊಲಿದಿಡು ಅಕ್ಕಾ. ನಾಳೆ ಬಂದು ತಗೊಂಡ್ಹೋಗ್ತೀನಿ."

ಆ ನಾಳೆ ಇನ್ನೂ ಬಂದಿಲ್ಲ. ಈಗ ನಮ್ಮ ಬೀದಿಗೇ ಬರಲ್ಲ ಅವನು, ಸುತ್ತಿ ಬಳಸಿ ಹೋಗ್ತಾನೆ. ಔಷಧ ಕಟ್ಟಿದ ಚೀಟಿ ಚೂರನ್ನೂ ಬಿಸಾಕಲ್ವಂತೆ, ಜೇಬೆಲ್ಲ ಅದೇ. ಪಾಪ ಅನ್ಸುತ್ತೆ, ಸಿಟ್ಟೂ ಬರುತ್ತೆ. ತಾನು ಬಿಡಿಸ್ಕೊಂಡ, ನನ್ನ ಸಿಕ್ಕಿಸಿ ಹೋದ. ಹೊರಗೆ ಎತ್ತಿ ಹಾಕೋಣ ಅಂದ್ರೆ ಹೊಸ್ತಿಲ ಹತ್ರ ಹೋದಷ್ಟೂ ಇನ್ನೂ ಭಾರ ಆಗ್ತಿತ್ತು, ದಾಟಿಸೋಕಾಗ್ಲಿಲ್ಲ. ಆವತ್ತು ನಾನೂ ನನ್ನ ತಮ್ಮನೂ ಸೇರಿ ಹೇಗೋ ಗೋಡೆಗೆ ಏರಿಸಿದ್ವಿ, ಅಷ್ಟೇ.

ನೀವು ನಂಬಲ್ಲ ಅಂತ ಗೊತ್ತು. ನಂಬಬೇಡಿ. ಆದ್ರೆ ನಡೆದಿದ್ದು ನಡೆದಿದ್ದೇ... ಈಗ ನೋಡಿ. ಚೀಲ ಅಲ್ಲ, ಅದರ ಮೇಲೆ. ಬಡಗಿ ಕೈಲಿ ಹೊಡೆಸಿದ ಮೊಳೆ ಅದು, ಬಾಗಿಲಿಗೆ ಹೊಡೆಯೋ ದಪ್ಪ ಮೊಳೆ. ಮೊನ್ನೆ ತಾನೇ ಹೊಸದು ಹಾಕ್ಸಿದ್ದು.

ಆಗ್ಲೇ ಬಗ್ಗಿದೆ.