ಇರೋದೆಲ್ಲ ಬಸ್ಸಲ್ಲೇ ಹೇಳಿಬಿಡಿ

ಚೆನ್ನೈನಲ್ಲಿ ಪೆರಂಬೂರಿನಿಂದ ಪೋರೂರಿನ ಕಡೆ ಹೊರಟ ಬಸ್ಸಿನಲ್ಲಿ ಹೆಂಗಸರು ಎಡಗಡೆ, ಗಂಡಸರು ಬಲಗಡೆ. ನನ್ನ ಪಕ್ಕದಾಕೆ ತೊಡೆಯ ಮೇಲೆ ಹಣ್ಣಿನ ಚೀಲ ಇಟ್ಟುಕೊಂಡು, ನಡುವೆ ನಿಂತವರ ಸಂದಿಯಿಂದ ಆಚೆ ಸಾಲಿನ ಗಂಡನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದಳು. ಆತ ರೈಲು ಡಬ್ಬಿಗಳ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದವನೆಂದು ಮಾತಿನಲ್ಲೇ ತಿಳಿಯಿತು.

“ರೀ, ಗಂಡಿನ ಮನೇಲಿ ನೀವು ಬಾಯಿ ಬಿಡಬಾರದು.”

“ಬಿಡಲ್ಲ ಕಣೆ ಗಿರಿಜಾ.”

“ಹೋದ ಸಲವೂ ಹಾಗೇ ಅಂದ್ರಿ. ಆಮೇಲೆ ಅವರ ಉಯ್ಯಾಲೆ ಕೊಂಡಿ ಎಳೆದು ನೋಡಿ, ಇದು ಬೀಳತ್ತೆ ಅಂದ್ರಿ. ಬೀಗರಾಗೋರು ಅದರ ಮೇಲೇ ಕೂತಿದ್ರು.”

“ಬಿದ್ದಿದ್ರೆ?”

“ಬಿದ್ದಿದ್ದು ಸಂಬಂಧ! ಈ ಹುಡುಗನ್ನ ನಮ್ಮ ಮಗಳು ಬಿಂದುನೇ ಮೆಚ್ಚಿದಾಳೆ, ನೆನಪಿರಲಿ.”

ಆತನ ಪಕ್ಕದ ಕಿಟಕಿ ಗಡಗಡ ಅಂದಿತು. ಆತನ ಕೈ ಅತ್ತ ಹೋಗಿ, ಹಾಗೇ ಹಿಂದಕ್ಕೆ ಬಂತು.

“ತಡಕೋಬೇಡಿ. ಇರೋದೆಲ್ಲ ಈ ಬಸ್ಸಲ್ಲೇ ಹೇಳಿ ಮುಗಿಸಿಬಿಡಿ.”

ಆತ ಕಂಡಕ್ಟರನ್ನು ಕರೆದು ಕಿಟಕಿ, ಸೀಟು, ಮೇಲಿನ ಕಂಬಿ ಎಲ್ಲದರ ದೋಷವನ್ನೂ ತಮಿಳಿನಲ್ಲಿ ಬಿಡಿಸಿ ಹೇಳತೊಡಗಿದ. ಅಷ್ಟರಲ್ಲಿ ಪೋರೂರು ಬಂತು.

“ಮುಗೀತಾ?”

“ಬಾಗಿಲೊಂದು ಬಾಕಿ.”

“ಅದನ್ನೂ ಹೇಳೇ ಇಳೀರಿ.”

ಹೇಳಿದ. “ಸರಿ ಸಾರ್, ಇರಂಗುಂಗ ಸಾರ್,” ಎಂದು ಕಂಡಕ್ಟರ್ ಕೈಮುಗಿದು ಇಬ್ಬರನ್ನೂ ಇಳಿಸಿದ. ಕೆಳಗೆ ನಿಂತ ಅವರ ಮಾತು ಕಿಟಕಿಯಲ್ಲಿ ಕೇಳಿಸಿತು.

“ಅವರದು ಎಷ್ಟನೇ ಮಹಡಿ?”

“ಐದನೇದು.”

“ಲಿಫ್ಟ್ ಇದೆಯೇನೆ?” ಆತನ ಮುಖ ಅರಳಿತ್ತು.

ಆಕೆ ಹಣ್ಣಿನ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

“ಇದೆ. ನಾವು ಮೆಟ್ಟಿಲು ಹತ್ತೋಣ, ಬನ್ನಿ.”